ಹಳೆಯ ವ್ಯಾನೆಂದರೆ ಪೆಟ್ರೋಲ್ ವಾಸನೆ ಇರಲೇಬೇಕೆ?

ನಮ್ಮ ಸಂಘದ ಕುಟುಂಬಗಳ ಬಳಿ ಈಗ ಮೂರು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನುಗಳಿವೆ. ಮೂರೂ 1970ರ ದಶಕದವು. ಮೂರರಲ್ಲೂ ಎಂಜಿನ್ ಹಿಂದೆ, ಒಳಗೆ ಮಡಿಸುವ ಹಾಸಿಗೆ, ಮೂಲೆಯಲ್ಲಿ ಪುಟ್ಟ ಗ್ಯಾಸ್ ಒಲೆ. ಒಂದು ನಮ್ಮದು, 1973ರದು. ನಮಗಿಂತ ಹದಿನೈದು ವರ್ಷ ಹಿರಿಯದಾದ್ದರಿಂದ ಬೈಯುವಾಗಲೂ ಬಹುವಚನದಲ್ಲೇ ಬೈಯುತ್ತೇವೆ. ಬರುವ ಬೇಸಿಗೆ ಶಿಬಿರದಲ್ಲಿ ಡೇರೆಗಳ ಬಾಡಿಗೆ ಉಳಿಸಲು ಮಕ್ಕಳನ್ನು ಈ ವ್ಯಾನುಗಳಲ್ಲಿ ಮಲಗಿಸಬಹುದೆಂಬ ಸಲಹೆ ಸಮಿತಿಯ ಮುಂದಿದೆ. ನಮ್ಮ ವ್ಯಾನಿನಲ್ಲಿ ಹೋದ ಬೇಸಿಗೆಯವರೆಗೆ ಪೆಟ್ರೋಲ್ ವಾಸನೆ ಇತ್ತು, ಉಳಿದೆರಡರಲ್ಲಿ ಈಗಲೂ ಇದೆ. ಇದು ಎಲ್ಲರಿಗೂ ಗೊತ್ತು. "ಹಳೇ ಗಾಡಿ ಅಲ್ಲವೆ, ಇರುತ್ತೆ ಬಿಡಿ" ಎನ್ನುವುದೂ ಎಲ್ಲರ ಬಾಯಲ್ಲಿರುವ ಮಾತೇ. ಆ "ಇರುತ್ತೆ ಬಿಡಿ" ಎಂಬುದಕ್ಕೆ ನಮ್ಮ ತಕರಾರು. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದು ನಿಲ್ಲಿಸುವವರೆಗೆ ಆ ವ್ಯಾನುಗಳಲ್ಲಿ ಮಕ್ಕಳು ಮಲಗುವುದಿರಲಿ, ಯಾರೂ ಪ್ರಯಾಣ ಮಾಡುವುದೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾಕೆ ಎಂಬುದನ್ನೂ ಕಂಡುಹಿಡಿಯುವುದು ಹೇಗೆ ಎಂಬುದನ್ನೂ ಇಲ್ಲಿ ಬರೆಯುತ್ತೇವೆ. ಪ್ರಯೋಗಶಾಲೆಯಲ್ಲಿ ದ್ರಾವಕಗಳ ನಡುವೆ ದಿನ ಕಳೆಯುವುದೇ ನಮ್ಮ ಹೊಟ್ಟೆಪಾಡು. ನಡುನಡುವೆ ಪಾಠದ ಧಾಟಿ ಬಂದರೆ ಓದುಗರು ಕ್ಷಮಿಸಬೇಕು.

ಮೊದಲು ನಮ್ಮ ನಮ್ಮ ಅಡುಗೆಮನೆಯನ್ನು ನೆನೆಸಿಕೊಳ್ಳೋಣ. ಊರಿನ ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಐದು ವರ್ಷದ ಮಗುವಿಗೂ ಗೊತ್ತು: ರೆಗ್ಯುಲೇಟರ್ ಆರಿಸು, ಕಿಟಕಿ ತೆಗೆ, ಸ್ವಿಚ್ ಮುಟ್ಟಬೇಡ. ಹೊಸ ಸಿಲಿಂಡರ್ ಹಾಕಿದ ದಿನ ಅಜ್ಜಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಿದ್ದರು. "ಹಳೇ ಒಲೆ, ವಾಸನೆ ಇರುತ್ತೆ" ಎಂದು ಒಗ್ಗರಣೆಗೆ ಬೆಂಕಿ ಹಚ್ಚಿದವರನ್ನು ನಾವು ಇದುವರೆಗೆ ಕಂಡಿಲ್ಲ. ಅದೇ ಜನ ವ್ಯಾನಿನೊಳಗೆ ಕುಳಿತಾಗ ಮಾತ್ರ ಇಷ್ಟೊಂದು ಉದಾರಿಗಳಾಗುವುದೇಕೆ?

ನಮಗೆ ತೋರುವ ಕಾರಣ ಇದು. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಹೆಚ್ಚುಕಡಮೆ ಇಲ್ಲ. ಅದಕ್ಕೆ ಬೇಕೆಂದೇ ಈಥೇನ್‌ಥಯಾಲ್ ಎಂಬ ಗಂಧಕದ ಸಂಯುಕ್ತವನ್ನು ಎಳ್ಳಷ್ಟು ಬೆರೆಸಿ ದುರ್ವಾಸನೆ ಬರುವಂತೆ ಮಾಡುತ್ತಾರೆ. ಇಂಥ ಪದ್ಧತಿ ಕಾನೂನಾಗಲು ದೊಡ್ಡ ಬೆಲೆ ತೆರಬೇಕಾಯಿತು: 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ಸಿಡಿದು ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ಹೀಗೆ ಆ ದುರ್ವಾಸನೆಗೆ ಒಂದೇ ಅರ್ಥ, ಅಪಾಯ ಎಂದು; ಅದನ್ನು ಹಾಗೆಯೇ ಓದುವುದನ್ನು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಪೆಟ್ರೋಲಿನ ವಾಸನೆಯಾದರೋ ಅದರದೇ ಸ್ವಂತದ್ದು, ಯಾರೂ ಎಚ್ಚರಿಕೆಗೆಂದು ಬೆರೆಸಿದ್ದಲ್ಲ. ಅಪ್ಪನ ಸ್ಕೂಟರು, ಬಂಕಿನ ಸಾಲು, ರಜಾದಿನದ ಪ್ರಯಾಣ, ಹೀಗೆ ಹಿತವಾದ ನೆನಪುಗಳ ಜೊತೆ ಅದು ಅಂಟಿಕೊಂಡಿದೆ. ಮೂಗಿಗೆ ಬಡಿದರೂ ಮನಸ್ಸಿಗೆ ಗಂಟೆ ಬಾರಿಸುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಪೆಟ್ರೋಲ್ ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ; ಸ್ಕಾಟ್‌ಲೆಂಡಿನ ಜನವರಿಯೂ ಅದಕ್ಕೆ ಸೆಕೆಯೇ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹಾರಿಹೋಗದೆ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ 1.4 ಪಾಲು ಆವಿ ಸೇರಿದರೆ ಹತ್ತಿಕೊಳ್ಳುವ ಮಿಶ್ರಣ ಸಿದ್ಧ. ಒಂದು ಸಣ್ಣ ಕಾಫಿ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 18 ಲೀಟರ್ ಆವಿ. ಅಷ್ಟು ಆವಿ 1,200 ಲೀಟರಿಗೂ ಹೆಚ್ಚು ಗಾಳಿಯನ್ನು ಹತ್ತಿಕೊಳ್ಳುವಂತೆ ಮಾಡಬಲ್ಲದು. ವ್ಯಾನಿನ ಎಂಜಿನ್ ಗೂಡಿನಲ್ಲಿ ಅಷ್ಟು ಗಾಳಿ ಹಿಡಿಸುವುದೇ ಇಲ್ಲ. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೆ ಆ ಲೋಟ ತುಂಬಲು ಮುಕ್ಕಾಲು ಗಂಟೆಯೂ ಬೇಡ.

ಇಲ್ಲಿ ಒಬ್ಬ ಮಿತ್ರರು, ಅವರೂ ವಿಜ್ಞಾನ ಓದಿದವರೇ, ಒಂದು ಆಕ್ಷೇಪ ಎತ್ತಿದ್ದಾರೆ. ಅದು ಸುಳ್ಳಲ್ಲ, ಆದ್ದರಿಂದ ಉತ್ತರ ಹೇಳಬೇಕು. ಮನುಷ್ಯನ ಮೂಗು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಪೆಟ್ರೋಲ್ ಇದ್ದರೂ ಹಿಡಿಯುತ್ತದೆ. ಬೆಂಕಿ ಹತ್ತಲು ಬೇಕಾದದ್ದು 14,000 ಪಾಲು. ಹಾಗಿದ್ದಮೇಲೆ ವಾಸನೆ ಬಂದಿತೆಂದು ಗಾಬರಿಯೇಕೆ ಎಂಬುದು ಅವರ ವಾದ. ಮೂಗು ಇರುವ ಜಾಗದ ಮಟ್ಟಿಗೆ ವಾದ ಸರಿ. ಆದರೆ ಮೂಗಿರುವುದು ಮುಂದಿನ ಸೀಟಿನಲ್ಲಿ, ಸೋರಿಕೆ ಇರುವುದು ಮೂರು ಮೀಟರ್ ಹಿಂದೆ, ತಗಡಿನ ಆಚೆ, ಡಿಸ್ಟ್ರಿಬ್ಯೂಟರ್ ಕಿಡಿ ಹಾರಿಸುವ ಜಾಗದಲ್ಲಿ. ಇಲ್ಲಿ ಹತ್ತು ಪಾಲಾಗಿ ಬಂದು ಮುಟ್ಟಿದ್ದು ಅಲ್ಲಿ ಎಷ್ಟಿತ್ತು ಎಂಬುದನ್ನು ಮೂಗು ಹೇಳಲಾರದು. ಇನ್ನೊಂದು ಮಾತು, ಬೆಂಕಿಯೊಂದೇ ಅಲ್ಲ. ಈ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ ಒಂದು ಪಾಲಿನವರೆಗೆ ಇರಬಹುದೆಂದು 2000ದಿಂದ ನಿಯಮವಿದೆ, ಮತ್ತು ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಬೆಂಜೀನ್ ಸೀಸೆಯನ್ನು ಗಾಳಿ ಹೀರುವ ಕಪಾಟಿನ ಹೊರಗೆ ತೆರೆಯುವುದಿಲ್ಲ. ರಾತ್ರಿ ಎಂಟು ಗಂಟೆ ಅದರ ಪಕ್ಕ ಮಗುವನ್ನು ಮಲಗಿಸುವ ಮಾತಂತೂ ದೂರವೇ ಉಳಿಯಿತು.

ಮಲಗುವ ಮಾತಿಗೆ ಬಂದರೆ ಹಾಸಿಗೆ ಎಲ್ಲಿದೆ ಎಂದು ಒಮ್ಮೆ ನೋಡಬೇಕು. ಈ ವ್ಯಾನುಗಳಲ್ಲಿ ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ಮುಂದೆ, ಗೇರ್‌ಬಾಕ್ಸಿನ ಮೇಲೆ, ಒಂದು ತಗಡಿನ ಗೋಡೆಯ ಹಿಂದೆ ಕುಳಿತಿದೆ. ಹಾಸಿಗೆ ಬಿಡಿಸಿದರೆ ಮಲಗಿದವರ ಬೆನ್ನ ಕೆಳಗೆ ಬರುವುದು ಎಂಜಿನ್ನು ಮತ್ತು ಟ್ಯಾಂಕು. "ರಾತ್ರಿ ಎಂಜಿನ್ ಆರಿಸಿರುತ್ತೇವಲ್ಲ" ಎನ್ನುವವರು ಇನ್ನೊಂದನ್ನು ಗಮನಿಸಬೇಕು: ಟ್ಯಾಂಕು ಪಂಪಿಗಿಂತ ಎತ್ತರದಲ್ಲಿದೆ. ಪಂಪಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟರೆ ಎಂಜಿನ್ ನಿಂತಿದ್ದರೂ ಪೆಟ್ರೋಲ್ ತನ್ನ ಭಾರಕ್ಕೇ ಇಳಿಯುತ್ತದೆ, ಟ್ಯಾಂಕು ಖಾಲಿಯಾಗುವವರೆಗೂ. ತುಂಬಿದ ಟ್ಯಾಂಕಿನಲ್ಲಿ ಐವತ್ತು ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಬ್ಯಾಟರಿ ಇರುವುದೂ ಅದೇ ಎಂಜಿನ್ ಗೂಡಿನಲ್ಲಿ.

ಇದನ್ನೆಲ್ಲ ಸರಕಾರ ನೋಡಿಕೊಳ್ಳುತ್ತದಲ್ಲ, ವರ್ಷ ವರ್ಷ ಎಂ.ಓ.ಟಿ. ಪರೀಕ್ಷೆ ಇದೆಯಲ್ಲ ಎಂದು ಕೆಲವರು ತಿಳಿದಿದ್ದಾರೆ. ಇಲ್ಲ. 2018ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡಿಸದ ಗಾಡಿಗಳಿಗೆ ಗ್ರೇಟ್ ಬ್ರಿಟನ್ನಿನಲ್ಲಿ ಎಂ.ಓ.ಟಿ. ಕಡ್ಡಾಯವಲ್ಲ. ಗಾಡಿ ಸುಸ್ಥಿತಿಯಲ್ಲಿರಬೇಕೆಂಬ ಹೊಣೆ ಮಾತ್ರ ಮಾಲೀಕರ ಮೇಲೆಯೇ ಇದೆ; ಅಪಾಯದ ಸ್ಥಿತಿಯಲ್ಲಿ ಓಡಿಸಿದರೆ 2,500 ಪೌಂಡಿನವರೆಗೆ ದಂಡ. ಆದರೆ ವರ್ಷಕ್ಕೊಮ್ಮೆ ಗಾಡಿಯನ್ನು ಎತ್ತಿ ಅಡಿಗೆ ದೀಪ ಹಿಡಿದು ಸೋರಿಕೆ ನೋಡುತ್ತಿದ್ದ ಒಬ್ಬ ಹೊರಗಿನವರ ಕಣ್ಣು ಹೋಯಿತು. ಈ ರಿಯಾಯಿತಿಯನ್ನು ಉಳಿತಾಯವೆಂದು ಸಂಭ್ರಮಿಸುವುದು ನಮಗೆ ಒಪ್ಪಿಗೆಯಿಲ್ಲ. ಬೇಕೆಂದರೆ ನಾವೇ ಹೋಗಿ ಪರೀಕ್ಷೆ ಮಾಡಿಸಬಹುದು, ಯಾರೂ ಬೇಡವೆನ್ನುವುದಿಲ್ಲ. ನಮ್ಮ ವ್ಯಾನಿಗೆ ನಾವು ಮಾಡಿಸುತ್ತೇವೆ.

ಇನ್ನು ಹಳೆಯ ಗಾಡಿಗೆ ಹೊಸ ಕಾಲದ ಪೆಟ್ರೋಲ್ ತಂದ ಫಜೀತಿ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅದರಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್. ಸೂಪರ್ ದರ್ಜೆಯಲ್ಲಿ ಐದರವರೆಗೆ. 1970ರ ದಶಕದ ರಬ್ಬರ್ ಪೈಪುಗಳನ್ನು ತಯಾರಿಸಿದವರ ಕಣ್ಣ ಮುಂದೆ ಈ ಎಥನಾಲ್ ಇರಲಿಲ್ಲ. ನೈಟ್ರೈಲ್ ರಬ್ಬರಿಗೆ ಮೆದುತನ ಬರುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ಪದಾರ್ಥದಿಂದ. ಪೆಟ್ರೋಲಿನ ಆರೊಮ್ಯಾಟಿಕ್ ಅಂಶಗಳೂ ಎಥನಾಲೂ ಸೇರಿ ರಬ್ಬರನ್ನು ಉಬ್ಬಿಸುತ್ತವೆ, ಉಬ್ಬಿಸುತ್ತಲೇ ಆ ಎಣ್ಣೆಯನ್ನು ಹೊರಗೆಳೆಯುತ್ತವೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ವ್ಯಾನು ಹೊದಿಕೆ ಹೊದ್ದು ನಿಂತಾಗ ಪೈಪು ಒಣಗುತ್ತದೆ. ನೆನೆಸಿದ ಕಡಲೆಯನ್ನು ಮತ್ತೆ ಒಣಗಿಸಿದರೆ ಸಿಪ್ಪೆ ಸುಕ್ಕಾಗಿ ಸೀಳುವುದಿಲ್ಲವೆ, ಹಾಗೆಯೇ. ಹಳೆಯ ಜರ್ಮನ್ ಮಾದರಿಯ ಪೈಪುಗಳ ಮೇಲೆ ಹತ್ತಿ ನೂಲಿನ ಹೆಣಿಗೆಯಿರುವುದರಿಂದ ಬಿರುಕು ಹೊರಗೆ ಕಾಣುವುದೂ ಇಲ್ಲ. ನೋಡಲು ಲಕ್ಷಣವಾಗಿರುತ್ತದೆ, ಬಗ್ಗಿಸಿದರೆ ಒಳಗೆ ಹಪ್ಪಳ ಮುರಿದಂತೆ ಸದ್ದು. (ಊರಿನಲ್ಲಿ ಹಳೆಯ ಚೇತಕ್ ಸ್ಕೂಟರನ್ನು ಮುದ್ದಿನಿಂದ ಇಟ್ಟುಕೊಂಡ ದೊಡ್ಡಪ್ಪ ಚಿಕ್ಕಪ್ಪಂದಿರಿಗೂ ಇದನ್ನು ತಿಳಿಸಿ; ಅಲ್ಲಿ ಎಥನಾಲ್ ನೂರಕ್ಕೆ 20ಕ್ಕೆ ಏರಿದೆ.)

ಈಗ ವಾಸನೆಯ ಮೂಲ ಹುಡುಕುವ ಕೆಲಸ. ಇದರಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಯಾವ ಭಾಗ ಬದಲಾಯಿಸಬೇಕು?" ಎಂದು. ಕೇಳಬೇಕಾದದ್ದು "ವಾಸನೆ ಯಾವಾಗ ಬರುತ್ತದೆ?" ಎಂದು. ವೈದ್ಯರು ಜ್ವರ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುವುದಿಲ್ಲವೆ?

ಟ್ಯಾಂಕು ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಅರ್ಧ ಖಾಲಿಯಾದ ಮೇಲೆ ಮಾಯವಾದರೆ ಸೋರಿಕೆ ಟ್ಯಾಂಕಿನ ಮೇಲ್ಭಾಗದ್ದು. ಅಲ್ಲಿ ಮೂರು ಜಾಗಗಳಿವೆ: ಪೆಟ್ರೋಲ್ ಹಾಕುವ ಬಾಯಿಯನ್ನು ಟ್ಯಾಂಕಿಗೆ ಜೋಡಿಸುವ ದಪ್ಪ ರಬ್ಬರು, ಟ್ಯಾಂಕು ಉಸಿರಾಡುವ ಸಣ್ಣ ಪೈಪುಗಳು, ಮತ್ತು ಎಷ್ಟು ಪೆಟ್ರೋಲ್ ಇದೆ ಎಂದು ತೋರಿಸುವ ಗೇಜಿನ ತುಂಡನ್ನು ಕೂರಿಸಿದ ಜಾಗದ ಗ್ಯಾಸ್ಕೆಟ್. ನಮ್ಮ ವ್ಯಾನಿನಲ್ಲಿ ಪೆಟ್ರೋಲ್ ಹಾಕುವ ಬಾಯಿ ಬಲಗಡೆ. ಟ್ಯಾಂಕು ತುಂಬಿದ್ದಾಗ ಎಡಕ್ಕೆ ತಿರುಗಿದರೆ ಗಪ್ಪೆಂದು ವಾಸನೆ, ಬಲಕ್ಕೆ ತಿರುಗಿದರೆ ಇಲ್ಲ. ಎಡಕ್ಕೆ ತಿರುಗುವಾಗ ಒಳಗಿನ ಪೆಟ್ರೋಲ್ ಬಲಕ್ಕೆ ನುಗ್ಗುತ್ತದೆ. ಹಾಗಾದರೆ ಬಲಗಡೆಯ ದಪ್ಪ ರಬ್ಬರೇ ಆಗಿರಬೇಕೆಂದು ಒಂದು ಸ್ಪ್ಯಾನರನ್ನೂ ಮುಟ್ಟುವ ಮೊದಲೇ ಗೊತ್ತಾಯಿತು. ತೆಗೆದು ನೋಡಿದರೆ ಕ್ಲಿಪ್ಪಿನ ಅಂಚಿನಲ್ಲಿ ಉಗುರು ಹೋಗುವಷ್ಟು ಸೀಳು.

ಓಡಿಸುವಾಗ ಏನೂ ಇಲ್ಲದೆ, ನಿಲ್ಲಿಸಿ ಹತ್ತಿಪ್ಪತ್ತು ನಿಮಿಷಕ್ಕೆ ವಾಸನೆ ಎದ್ದು, ಒಂದು ಗಂಟೆಯಲ್ಲಿ ಇಳಿದರೆ ಅದು ಬೇರೆ ಕಥೆ. ಎಂಜಿನ್ ನಿಂತ ಮೇಲೆ ಫ್ಯಾನೂ ನಿಲ್ಲುತ್ತದೆ, ಬಿಸಿಯೆಲ್ಲ ಮೇಲಕ್ಕೇರಿ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲನ್ನು ಕುದಿಸುತ್ತದೆ. ಚಳಿಗಾಲದ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಬ್ಯೂಟೇನ್ ಹೆಚ್ಚು ಬೆರೆಸಿರುತ್ತಾರೆ. ಮಾರ್ಚಿಯಲ್ಲಿ ತುಂಬಿಸಿದ್ದನ್ನು ಮೇ ತಿಂಗಳ ಬಿಸಿಲಿನಲ್ಲಿ ಓಡಿಸಿದರೆ ಈ ಕಾಟ ಜಾಸ್ತಿ. ಹಳೆಯ ಗಾಡಿಯ ಸಹಜ ಗುಣ ಎಂದು ಯಾವುದಕ್ಕಾದರೂ ಸ್ವಲ್ಪ ರಿಯಾಯಿತಿ ಕೊಡಬಹುದಾದರೆ ಇದೊಂದಕ್ಕೇ, ಅದೂ ಸುತ್ತಲೂ ಎಲ್ಲಿಯೂ ಒದ್ದೆ ಇಲ್ಲವೆಂದು ಕಣ್ಣಾರೆ ಕಂಡ ಮೇಲೆ.

ಎಂಜಿನ್ ಓಡುತ್ತಿರುವಾಗಲೇ ವಾಸನೆ ಬಂದರೆ ಪಂಪಿನಿಂದ ಆಚೆಗಿನ ಭಾಗ ನೋಡಬೇಕು, ಏಕೆಂದರೆ ಒತ್ತಡ ಇರುವುದು ಅಲ್ಲಿ ಮಾತ್ರ. ಪಂಪಿನೊಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ಹೊರಗೆ ಕಾಣದೆ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ, ಎಂಜಿನ್ ಚಾಲೂ ಮಾಡಲೇಬೇಡಿ. ತೆಳುವಾದ ಆಯಿಲ್ ಎಂಜಿನ್ನನ್ನೂ ತಿನ್ನುತ್ತದೆ. ಇನ್ನು ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೋಗುವ ಚಿಕ್ಕ ಹಿತ್ತಾಳೆ ಕೊಳವೆ. ಅದನ್ನು ತಿರುಪು ಹಾಕಿ ಕೂರಿಸಿಲ್ಲ, ಬಿಗಿಯಾಗಿ ಒತ್ತಿ ಕೂರಿಸಿದ್ದಾರೆ, ಅಷ್ಟೆ. ಅರ್ಧ ಶತಮಾನದ ಬಿಸಿ ತಂಪಿನ ನಂತರ ಆ ಬಿಗಿ ಸಡಿಲವಾಗುತ್ತದೆ. ಪೂರ್ತಿ ಕಳಚಿಕೊಂಡರೆ ಪಂಪು ಪೆಟ್ರೋಲನ್ನು ನೇರವಾಗಿ ಬಿಸಿ ಎಂಜಿನ್ನಿನ ಮೇಲೆ, ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲೇ ಚಿಮ್ಮಿಸುತ್ತದೆ. ಈ ಗಾಡಿಗಳು ರಸ್ತೆಬದಿಯಲ್ಲಿ ಹೊತ್ತಿ ಉರಿಯುವುದಕ್ಕೆ ತಿಳಿದವರೆಲ್ಲ ಹೇಳುವ ಕಾರಣಗಳಲ್ಲಿ ಇದೂ ಒಂದು. ನಮ್ಮ ವ್ಯಾನಿನ ಎರಡನೆಯ ವಾಸನೆ ಇಲ್ಲಿಯದು. ಎಂಜಿನ್ ತಣ್ಣಗಿದ್ದಾಗ ಆ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುವಿದರೆ ಅದು ಹಾಲುಹಲ್ಲಿನಂತೆ ಅಲ್ಲಾಡಿತು.

ಹುಡುಕುವ ವಿಧಾನವೂ ಮುಖ್ಯ. ಗಾಡಿ ಬಯಲಿನಲ್ಲಿರಲಿ, ಗ್ಯಾರೇಜಿನೊಳಗೆ ಬೇಡ. ಎಂಜಿನ್ ಪೂರ್ತಿ ತಣಿದಿರಲಿ, ಬ್ಯಾಟರಿಯ ಒಂದು ತಂತಿ ಬಿಚ್ಚಿರಲಿ, ಆದರೆ ಬಿಚ್ಚುವ ಮೊದಲು ಬಾಗಿಲುಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಿ, ಕಿಡಿ ಹಾರುವುದು ಆ ಗಳಿಗೆಯಲ್ಲೇ. ಕಾಣಲು ಮುಚ್ಚಿದ ಟಾರ್ಚು ಸಾಕು, ತಂತಿ ಎಳೆದ ಬಿಸಿ ಬಲ್ಬು ಬೇಡ. ಅನುಮಾನದ ಜಾಗವನ್ನು ಚೊಕ್ಕವಾಗಿ ಒರೆಸಿ ಒಣಗಿಸಿ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ, ಕೆಳಗೆ ಬಿಳಿ ರಟ್ಟು ಹಾಸಿ, ಒಂದು ರಾತ್ರಿ ಬಿಟ್ಟು ನೋಡಿ. ಒಣ ಪೌಡರಿನಲ್ಲಿ ಒದ್ದೆಯ ಗೆರೆ ಎಲ್ಲಿ ಶುರುವಾಗಿದೆ ಎಂಬುದೇ ಉತ್ತರ. ಹನಿ ಬಿದ್ದ ಜಾಗ ಉತ್ತರವಲ್ಲ, ಪೆಟ್ರೋಲ್ ಪೈಪಿನ ಹೊರಮೈ ಹಿಡಿದು ದೂರ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಮೂಗನ್ನು ಮಾತ್ರ ಬಹಳ ನಂಬಬಾರದು. ಕೆಲವು ನಿಮಿಷದಲ್ಲಿ ಅದು ಆ ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. ದಿನವೂ ಓಡಿಸುವವರಿಗೆ ತಮ್ಮ ಗಾಡಿಯ ವಾಸನೆ ಗೊತ್ತಾಗದಿರುವುದು ಇದರಿಂದಲೇ. ನಮ್ಮಲ್ಲಿಗೆ ಶಿವಮೊಗ್ಗದಿಂದ ಬಂದ ಅತ್ತೆಯವರು ವ್ಯಾನಿನ ಬಾಗಿಲು ತೆರೆದವರೇ "ಏನಮ್ಮಾ, ಸೀಮೆಎಣ್ಣೆ ಡಿಪೋ ಇದ್ದಹಾಗಿದೆಯಲ್ಲ!" ಎಂದು ಸೆರಗು ಮೂಗಿಗೆ ಹಿಡಿದರು. ಮೂಗಿನ ವಿಷಯದಲ್ಲಿ ಹೊಸದಾಗಿ ಬಂದ ಅತಿಥಿಗಳೇ ಸರಿಯಾದ ಉಪಕರಣ.

ಸಂಘದ ಇನ್ನೊಂದು ಕುಟುಂಬದ ಅನುಭವವನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇವೆ. ಅವರ ವ್ಯಾನನ್ನು ಒಂದು ಕಾರ್ಖಾನೆಗೆ ಬಿಟ್ಟರು. ಮೊದಲು ಕಾರ್ಬ್ಯುರೇಟರ್ ಬದಲಾಯಿತು, ವಾಸನೆ ಹೋಗಲಿಲ್ಲ. ಆಮೇಲೆ ಪಂಪು, ಆಮೇಲೆ ಫಿಲ್ಟರು. ಪ್ರತಿ ಸಲವೂ ಬಿಲ್ಲು, ಪ್ರತಿ ಸಲವೂ ವಾಸನೆ. ಅವರಿಗೆ ವಾಸನೆ ಬರುತ್ತಿದ್ದುದು ಟ್ಯಾಂಕು ತುಂಬಿಸಿದ ದಿನ ಮಾತ್ರ ಎಂಬುದನ್ನು ಯಾರೂ ಕೇಳಲಿಲ್ಲ. ಟ್ಯಾಂಕಿನ ಮೇಲಿನ ಉಸಿರಾಟದ ಪೈಪುಗಳನ್ನು ಮುಟ್ಟಬೇಕಾದರೆ ಎಂಜಿನ್ ಕೆಳಗಿಳಿಸಬೇಕು. ಆ ತೊಂದರೆ ಯಾರಿಗೂ ಬೇಕಿರಲಿಲ್ಲವೆಂದು ತೋರುತ್ತದೆ. ಕೈಗೆ ಸಿಗುವ ಭಾಗಗಳನ್ನೇ ಬದಲಾಯಿಸುತ್ತ ಹೋಗುವುದಕ್ಕೆ ದುರಸ್ತಿ ಎನ್ನಬೇಕೇ? ಎಂಜಿನ್ ಇಳಿಸುವುದು ಈ ಗಾಡಿಗಳಲ್ಲಿ ಅಂಥ ದೊಡ್ಡ ಕೆಲಸವೇನಲ್ಲ, ತಿಳಿದ ಇಬ್ಬರಿಗೆ ಅರ್ಧ ದಿನ ಸಾಕು. ಒಮ್ಮೆ ಇಳಿಸಿದಾಗ ಮಾತ್ರ ಒಂದೊಂದಾಗಿ ಪರೀಕ್ಷಿಸುವ ನಮ್ಮ ನಿಯಮಕ್ಕೆ ವಿನಾಯಿತಿ: ಒಳಗಿರುವ ರಬ್ಬರನ್ನೆಲ್ಲ ಒಟ್ಟಿಗೇ ಬದಲಾಯಿಸಿಬಿಡಬೇಕು, ಏಕೆಂದರೆ ಒಂದು ಒಡೆದಿದ್ದರೆ ಅದೇ ವಯಸ್ಸಿನ ಉಳಿದವು ಸಾಲಿನಲ್ಲಿ ನಿಂತಿರುತ್ತವೆ. ಪ್ಲಾಸ್ಟಿಕ್ ಫಿಲ್ಟರನ್ನು ಎಂಜಿನ್ ಗೂಡಿನಲ್ಲಿ ನೇತುಹಾಕುವ ಅಭ್ಯಾಸವೂ ಕೆಟ್ಟದ್ದು, ಅದು ಟ್ಯಾಂಕಿನ ಕೆಳಗೆ, ಗೂಡಿನ ಹೊರಗೆ ಇರಲಿ.

ಹೀಟರ್ ಹಾಕಿದಾಗ ಮಾತ್ರ ವಾಸನೆ ಬಂದರೆ ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಈ ಎಂಜಿನ್ನಿಗೆ ನೀರಿಲ್ಲ, ಗಾಳಿಯೇ ತಂಪು. ಫ್ಯಾನು ಎಂಜಿನ್ ಗೂಡಿನ ಗಾಳಿಯನ್ನೇ ಎಳೆದು, ಹೊಗೆಕೊಳವೆಯ ಸುತ್ತಲಿನ ಕಬ್ಬಿಣದ ಪೆಟ್ಟಿಗೆಗಳ ಮೂಲಕ ಬಿಸಿ ಮಾಡಿ, ನಮ್ಮ ಕಾಲಬುಡಕ್ಕೆ ತಂದು ಬಿಡುತ್ತದೆ. ಗೂಡಿನಲ್ಲಿ ಪೆಟ್ರೋಲ್ ಆವಿಯಿದ್ದರೆ ಅದೂ ಬರುತ್ತದೆ. ಪೆಟ್ಟಿಗೆ ತುಕ್ಕು ಹಿಡಿದು ತೂತಾಗಿದ್ದರೆ ಹೊಗೆ ಬರುತ್ತದೆ, ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡು. ಅದಕ್ಕೆ ವಾಸನೆಯೇ ಇಲ್ಲ, ಯಾವ ಅತ್ತೆಯವರ ಮೂಗಿಗೂ ಸಿಗದು. ಕ್ಯಾರವಾನುಗಳಿಗೆಂದೇ ಇರುವ ಇಎನ್ 50291-2 ಎಂಬ ಮುದ್ರೆಯ ಅಲಾರಂ ಒಂದನ್ನು ಹಾಕಿಸಲೇಬೇಕು. ಮನೆಯ ಅಲಾರಂ ತಂದು ಅಂಟಿಸಿದರೆ ಸಾಲದು, ಗಾಡಿಯ ಅಲುಗಾಟ ಮತ್ತು ಚಳಿಗೆ ಅದನ್ನು ತಯಾರಿಸಿಲ್ಲ.

ಗ್ಯಾಸ್ ಒಲೆಯ ವಿಷಯ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೋಪಿನ ನೀರು ಇಲ್ಲಿಯೂ ಅದೇ ಸೋಪಿನ ನೀರು. ಎರಡೇ ಮಾತು. ಈ ಅನಿಲವೂ ಗಾಳಿಗಿಂತ ಭಾರ, ಹೊರಹೋಗಲೆಂದು ನೆಲದಲ್ಲಿ ತೂತು ಬಿಟ್ಟಿರುತ್ತಾರೆ. ಕಾಲಿಗೆ ಚಳಿ ಬೀಸುತ್ತದೆಂದು ಅದನ್ನು ಮುಚ್ಚಬಾರದು. ಎರಡನೆಯದು ಕನ್ನಡಿಗರ ವ್ಯಾನುಗಳಿಗೇ ವಿಶೇಷವಾದದ್ದು. ಅನಿಲಕ್ಕೆ ಬೆರೆಸುವ ದುರ್ವಾಸನೆ ಗಂಧಕದ ಸಂಯುಕ್ತದ್ದೆಂದು ಹೇಳಿದೆವಷ್ಟೆ. ಇಂಗಿನ ವಾಸನೆಯೂ ಗಂಧಕದ ಸಂಯುಕ್ತಗಳದ್ದೇ, ಅವು ಹತ್ತಿರದ ನೆಂಟರು. ಇಂಗಿನ ಡಬ್ಬಿ, ಸಾರಿನ ಪುಡಿ, ಬೆಳ್ಳುಳ್ಳಿ ಚಟ್ನಿಪುಡಿ ಎಲ್ಲ ಒಲೆಯ ಕೆಳಗಿನ ಕಪಾಟಿನಲ್ಲೇ ಇದ್ದರೆ, ಅನಿಲ ಸೋರಿದ ದಿನ ಮೂಗು "ಇಂಗು" ಎಂದು ಹೇಳಿ ಮಲಗಿಬಿಡುತ್ತದೆ. ಅವುಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಹಾಕಿ ಮುಂದಿನ ಸೀಟಿನ ಕೆಳಗಿಡಿ.

ಇಷ್ಟಾದರೂ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ತಿಳಿದಿರಲಿ. ಮೊದಲು ಜನ ಹೊರಗೆ, ದೂರಕ್ಕೆ, ಆಮೇಲೆ 999. ಕೈಯಲ್ಲಿ ಪುಡಿಯ ಆರಿಸುವ ಡಬ್ಬಿ ಇದ್ದು, ಉರಿ ಇನ್ನೂ ಸಣ್ಣದಿದ್ದರೆ, ಎಂಜಿನ್ ಬಾಗಿಲನ್ನು ಒಂದು ಬೆರಳಷ್ಟೇ ತೆರೆದು ಸಂದಿಯಿಂದ ಹೊಡೆಯಬೇಕು, ಪೂರ್ತಿ ತೆರೆದರೆ ಗಾಳಿ ಕೊಟ್ಟಂತೆ. ಈ ಎಂಜಿನ್ನಿನ ಕವಚ ಮೆಗ್ನೀಸಿಯಮ್ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ತಗುಲಿ ಕಣ್ಣು ಕುಕ್ಕುವ ಬಿಳಿ ಬೆಳಕು ಬಂದಿತೆಂದರೆ ನೀರು ಹಾಕಿದರೂ ಹೆಚ್ಚುತ್ತದೆ, ಇಂಗಾಲಾಮ್ಲ ಹಾಕಿದರೂ ಉರಿಯುತ್ತದೆ. ಆಗ ವ್ಯಾನಿನ ಆಸೆ ಬಿಟ್ಟು ದೂರ ನಿಲ್ಲುವುದೊಂದೇ. ಹೊಸ ಪೌಡರ್ ಡಬ್ಬಿಯ ಬೆಲೆ ಇಲ್ಲಿ ಒಂದು ಕುಟುಂಬ ಹೊರಗೆ ಊಟ ಮಾಡುವುದಕ್ಕಿಂತ ಕಡಮೆ.

ಸಮಿತಿಗೆ ನಮ್ಮ ಸಲಹೆ ಇಷ್ಟು. ಮೂರು ವ್ಯಾನುಗಳಿಗೂ ಏಪ್ರಿಲಿನಲ್ಲಿ ಒಂದು ಪರೀಕ್ಷೆಯಾಗಲಿ: ಟ್ಯಾಂಕು ತುಂಬಿಸಿ, ಬಾಗಿಲು ಕಿಟಕಿ ಮುಚ್ಚಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬೇರೆ ಕಾರಿನಲ್ಲಿ ಬಂದ ಇಬ್ಬರು ಬಾಗಿಲು ತೆರೆದು ಮೂಸಲಿ. ಮಾಲೀಕರ ಮೂಗು ಲೆಕ್ಕಕ್ಕಿಲ್ಲ, ನಮ್ಮದೂ ಸೇರಿ. ಇಬ್ಬರಲ್ಲಿ ಒಬ್ಬರಿಗೆ ವಾಸನೆ ಬಂದರೂ ಆ ವ್ಯಾನಿನಲ್ಲಿ ಈ ವರ್ಷ ಮಕ್ಕಳು ಮಲಗುವುದು ಬೇಡ. ಇದರ ಜೊತೆಗೆ ಸ್ವಂತ ಇಚ್ಛೆಯ ಎಂ.ಓ.ಟಿ. ಆಗಿರಲಿ. ಕೆಲವರಿಗೆ ಇದು ಅತಿಯೆನಿಸಬಹುದು. "ಇಪ್ಪತ್ತು ವರ್ಷ ಓಡಿಸಿದ್ದೇನೆ, ಏನೂ ಆಗಿಲ್ಲ" ಎಂದು ಹೇಳುವ ಹಿರಿಯರು ನಮ್ಮಲ್ಲೂ ಇದ್ದಾರೆ. ಅವರ ಅದೃಷ್ಟಕ್ಕೆ ಸಂತೋಷ, ಆದರೆ ಹಾಗೆ ಹೇಳುವ ಅವಕಾಶ ಸಿಗುವುದು ಏನೂ ಆಗದವರಿಗೆ ಮಾತ್ರ.

ಪೈಪುಗಳನ್ನು ಮೂರು ವ್ಯಾನುಗಳಿಗೂ ಸೇರಿಸಿ ಒಟ್ಟಿಗೆ ತರಿಸಿದರೆ ಅಗ್ಗವಾದೀತು. ಎಸ್‌ಎಇ ಜೆ30 ಆರ್9 ಎಂಬ ಮುದ್ರೆಯದೇ ಬೇಕು, ಅದರ ಒಳಪದರ ಫ್ಲೋರಿನ್ ರಬ್ಬರಿನದು, ಎಥನಾಲಿಗೆ ಜಗ್ಗುವುದಿಲ್ಲ. ಮುದ್ರೆಯಿದ್ದೂ ಒಂದೆರಡು ವರ್ಷದಲ್ಲೇ ಬಿರುಕು ಬಿಟ್ಟವುಗಳ ದೂರು ಹಳೆಯ ವಾಹನಗಳ ಕೂಟಗಳಲ್ಲಿ ಕೇಳಿಬಂದಿರುವುದರಿಂದ ಹೆಸರಿಲ್ಲದ ಅಗ್ಗದ ಅಂಗಡಿಯಿಂದ ಬೇಡ. ಕ್ಲಿಪ್ಪುಗಳು ಒಳಮೈ ನುಣುಪಾಗಿರುವ ಬಗೆಯವಾಗಲಿ, ಸೀಳುಗಳಿರುವ ಪಟ್ಟಿ ರಬ್ಬರನ್ನು ಕೊಯ್ಯುತ್ತದೆ. ಹಾಕಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಎಂಜಿನ್ ಬಾಗಿಲಿನ ಒಳಗೆ ಅಂಟಿಸಬೇಕು. ಬೇಕಾದವರು ಫೆಬ್ರವರಿ ಕೊನೆಯೊಳಗೆ ನಮಗೆ ತಿಳಿಸಿ, ಪ್ರತಿಯೊಂದು ಪೈಪಿನ ಒಳವ್ಯಾಸವನ್ನು ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ. ಅಂದಾಜು ಬೇಡ.